ಆರ್ಕ್ಟಿಕ್‌ನಲ್ಲಿ ಗಡಿ ದಾಟಿ ಕೆಲಸ ಮಾಡೋದು ಹೇಗೆ: ಬಾವುಟ ಪಕ್ಕಕ್ಕಿಡಿ, ಮೀನಿಂದ ಶುರು ಮಾಡಿ

ಆರ್ಕ್ಟಿಕ್ ಅಂದ್ರೆ ತುಂಬಾ ಜನ ಅಂಟಾರ್ಕ್ಟಿಕಾನ ತಲೇಲಿ ಇಟ್ಕೊಂಡು ಹೊರಡ್ತಾರೆ, ಮೊದಲ್ನೇ ಎಡವಟ್ಟು ಅಲ್ಲೇ. ದಕ್ಷಿಣದಲ್ಲಿ ಒಂದು ದೊಡ್ಡ ಭೂಮಿ, ಅಲ್ಲೇ ಹುಟ್ಟಿ ಬೆಳೆದ ಜನ ಅಂತ ಯಾರೂ ಇಲ್ಲ, 1959ರ ಒಪ್ಪಂದ ಇಡೀ ಜಾಗಕ್ಕೆ ಲೆಕ್ಕ. ಉತ್ತರದಲ್ಲಿ ಮಧ್ಯ ಸಮುದ್ರ, ಸುತ್ತಲೂ ದೇಶಗಳು, ಸುಮಾರು 40 ಲಕ್ಷ ಜನ ಸಂಸಾರ ಮಾಡ್ಕೊಂಡಿರೋ ಜಾಗ ಅದು, ಎಲ್ಲಕ್ಕೂ ಸೇರಿ ಒಂದೇ ಒಪ್ಪಂದ ಅಂತ ಇಲ್ಲ. ಸಮುದ್ರ ಕಾನೂನು ಇದೆ, ಅದರ ಮೇಲೆ ಸಣ್ಣ ಸಣ್ಣ ಒಪ್ಪಂದಗಳು, ಅದರ ಮೇಲೆ ಒಬ್ಬರಿಗೊಬ್ಬರು ಗೊತ್ತಿರೋ ಜನ. ನೀವು ಯೂನಿವರ್ಸಿಟಿಯವರಾಗಿರಿ, ಎನ್‌ಜಿಒ ಆಗಿರಿ, ವಿದೇಶಾಂಗ ಇಲಾಖೇಲಿ ಹೊಸದಾಗಿ ಈ ಫೈಲ್ ಕೈಗೆ ಬಂದವರಾಗಿರಿ, ನಿಮ್ಮ ಕೆಲಸ ನಿಜವಾಗಿ ನಡೆಯೋದು ಈ ಮೂರನೇದರಿಂದ.

ಮೊದ್ಲು ವಿಷಯ ಆರಿಸ್ಕೊಳ್ಳಿ, ಅದೂ ಆದಷ್ಟು ಚಿಕ್ಕದು, ಕೈಗೆ ಸಿಗೋ ಅಂಥದ್ದು. ‘ಆರ್ಕ್ಟಿಕ್‌ನಲ್ಲಿ ಶಾಂತಿ’ ಅಂತ ಪ್ರಪೋಸಲ್ ಬರೆದ್ರೆ ಎಲ್ರೂ ತಲೆ ಆಡಿಸ್ತಾರೆ, ಆಮೇಲೆ ಯಾರೂ ಫೋನ್ ಎತ್ತಲ್ಲ. ಈ ಭಾಗದ ದೇಶಗಳು ಒಟ್ಟಿಗೆ ಕೂತು ಮಾತಾಡೋ ವೇದಿಕೆ ಅಂದ್ರೆ ಆರ್ಕ್ಟಿಕ್ ಕೌನ್ಸಿಲ್. ಅದು ಹುಟ್ಟಿದ್ದೇ 1996ರ ಒಟ್ಟಾವಾ ಘೋಷಣೆಯಿಂದ, ಅದರ ಅಡಿಟಿಪ್ಪಣೀಲೇ ಮಿಲಿಟರಿ ಭದ್ರತೆ ವಿಷಯ ಇಲ್ಲಿ ಬೇಡ ಅಂತ ಬರೆದಿದ್ದಾರೆ. ಸಣ್ಣ ಅಕ್ಷರದ ಆ ಒಂದು ಸಾಲು ಅಷ್ಟು ವರ್ಷ ಆ ಮನೆ ಒಡೆಯದ ಹಾಗೆ ನೋಡ್ಕೊಳ್ತು ಅಂತ ನನ್ನ ಅನಿಸಿಕೆ. ಇನ್ನೂ ಹಿಂದೆ ಹೋಗಿ, 1973ರಲ್ಲಿ, ಶೀತಲ ಸಮರದ ನಡುವೆ, ಅಮೆರಿಕ ಸೋವಿಯತ್ ಎರಡೂ ಒಂದೇ ಕಾಗದಕ್ಕೆ ಸಹಿ ಹಾಕಿದ್ವು, ಜೊತೆಗೆ ಕೆನಡಾ, ಡೆನ್ಮಾರ್ಕ್, ನಾರ್ವೆ, ಯಾವುದಕ್ಕೆ ಗೊತ್ತಾ, ಹಿಮಕರಡಿ ಉಳಿಸೋಕೆ.

ಮೀನಿನ ಉದಾಹರಣೆ ಇನ್ನೂ ಚೆನ್ನಾಗಿದೆ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆ ಇಡೋದು ನಾರ್ವೆ ಕರಾವಳೀಲಿ, ಮರಿಗಳು ಬೆಳೆಯೋದು ಪೂರ್ವಕ್ಕೆ ರಷ್ಯಾ ಕಡೆ ನೀರಲ್ಲೂ. ಒಬ್ಬ ಮರಿ ಬಾಚಿದ್ರೆ ಇನ್ನೊಬ್ಬನ ಬಲೆ ಖಾಲಿ, ಹಾಗಾಗಿ 1970ರ ದಶಕದಿಂದ ಇಬ್ಬರೂ ಕೂತು ಕೋಟಾ ಹಂಚ್ಕೊಳ್ತಿದ್ದಾರೆ, 2022ರಲ್ಲಿ ಉಕ್ರೇನ್ ಯುದ್ಧದಿಂದ ಉಳಿದಿದ್ದೆಲ್ಲ ಮುರಿದು ಬಿದ್ದಾಗ್ಲೂ ಆ ಮಾತುಕತೆ ನಿಲ್ಲಲಿಲ್ಲ. ನಿಮ್ಮ ವಿಷಯಕ್ಕೂ ಈ ಪ್ರಶ್ನೆ ಹಾಕಿ ನೋಡಿ: ಒಬ್ಬರು ಕೈ ಬಿಟ್ರೆ ಇನ್ನೊಬ್ಬರಿಗೆ ನಿಜವಾಗ್ಲೂ ನಷ್ಟ ಆಗತ್ತಾ? ಆಗಲ್ಲ ಅಂದ್ರೆ ಬೇರೆ ವಿಷಯ ಹುಡುಕಿ.

ಆಮೇಲೆ ಬಾಗಿಲು ಯಾವುದು ಅಂತ ನೋಡ್ಕೊಳ್ಳಿ. ಕೌನ್ಸಿಲ್‌ನಲ್ಲಿ ಎಂಟು ದೇಶ: ಕೆನಡಾ, ಡೆನ್ಮಾರ್ಕ್ (ಗ್ರೀನ್‌ಲ್ಯಾಂಡ್, ಫ್ಯಾರೋ ದ್ವೀಪ ಸೇರಿ), ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್, ನಾರ್ವೆ, ರಷ್ಯಾ, ಸ್ವೀಡನ್, ಅಮೆರಿಕ. ಇವರ ಜೊತೆ ಒಂದೇ ಮೇಜಲ್ಲಿ ಕೂರೋ ಆರು ಮೂಲನಿವಾಸಿ ಸಂಘಟನೆಗಳು. ಹೊರಗಿನ ದೇಶಗಳು ವೀಕ್ಷಕರು ಅಷ್ಟೇ, ಚೀನಾ, ಭಾರತ, ಜಪಾನ್ ಎಲ್ಲ 2013ರಲ್ಲಿ ಸ್ವೀಡನ್‌ನ ಕಿರುನಾ ಸಭೇಲಿ ಒಳಗೆ ಬಂದವು. ವೀಕ್ಷಕರಿಗೆ ಓಟಿಲ್ಲ, ಪ್ರಾಜೆಕ್ಟ್ ತರಬೇಕು ಅಂದ್ರೂ ಒಂದು ಆರ್ಕ್ಟಿಕ್ ದೇಶಾನೋ ಮೂಲನಿವಾಸಿ ಸಂಘಟನೇನೋ ಮುಂದೆ ನಿಂತು ತರಬೇಕು. ದುಡ್ಡು ಸುರಿದು ಜಾಗ ಮಾಡ್ಕೊಳ್ತೀನಿ ಅನ್ನೋದೂ ನಡಿಯಲ್ಲ, ಸಾಮಾನ್ಯವಾಗಿ ಒಂದು ಪ್ರಾಜೆಕ್ಟ್‌ಗೆ ಆರ್ಕ್ಟಿಕ್ ದೇಶಗಳು ಹಾಕಿದ್ದಕ್ಕಿಂತ ಜಾಸ್ತಿ ವೀಕ್ಷಕರು ಹಾಕೋ ಹಾಗಿಲ್ಲ.

ಅದಕ್ಕೆ ಮಂತ್ರಿಗಳಿಗೆ ಕಾಗದ ಬರಿಯೋ ಮುಂಚೆ ಕೌನ್ಸಿಲ್‌ನ ವರ್ಕಿಂಗ್ ಗ್ರೂಪ್ ಹಿಡೀರಿ. ಆರಿವೆ, ಮಾಲಿನ್ಯದ ಅಳತೆಗೆ ಒಂದು, ಪ್ರಾಣಿ-ಸಸ್ಯಕ್ಕೆ ಒಂದು, ಹಡಗು-ಸಮುದ್ರಕ್ಕೆ ಒಂದು, ಎಣ್ಣೆ ಸೋರಿಕೆಯಂಥ ಎಮರ್ಜೆನ್ಸಿಗೆ ಒಂದು, ಹೀಗೆ. ಇವುಗಳ ಹಳೇ ರಿಪೋರ್ಟ್‌ಗಳೆಲ್ಲ ಫ್ರೀಯಾಗಿ ಸಿಗತ್ತೆ, ಓದಿ, ನಿಮ್ಮ ‘ಹೊಸ’ ಐಡಿಯಾ ಯಾರೋ ಎಂದೋ ಮಾಡಿ ಮುಗಿಸಿರೋದು ಗೊತ್ತಾಗೋ ಛಾನ್ಸ್ ಜಾಸ್ತಿ. ಅಧ್ಯಕ್ಷತೆ ಎರಡೆರಡು ವರ್ಷಕ್ಕೆ ಕೈ ಬದಲಾಯಿಸತ್ತೆ, 2025ರ ಮೇನಲ್ಲಿ ನಾರ್ವೆಯಿಂದ ಡೆನ್ಮಾರ್ಕ್‌ಗೆ ಹೋಯ್ತು, ಹೊಸ ಅಧ್ಯಕ್ಷರು ಯಾವುದಕ್ಕೆ ಒತ್ತು ಕೊಡ್ತೀವಿ ಅಂತ ಪಟ್ಟಿ ಬಿಡ್ತಾರೆ, ನಿಮ್ಮ ಪ್ರಪೋಸಲ್ ಅದರ ಮಾತಲ್ಲೇ ಇರಲಿ.

ಈಗ ಬಹಳ ಜನ ಮುಗ್ಗರಿಸೋ ಜಾಗ. ಪ್ರಪೋಸಲ್ ಪೂರ್ತಿ ಬರೆದು, ಬಜೆಟ್ ಹಾಕಿ, ಕೊನೇಲಿ ‘ಸ್ಥಳೀಯ ಸಮುದಾಯದ ಸಲಹೆ ಪಡೆಯಲಾಗುವುದು’ ಅಂತ ಒಂದು ಸಾಲು ಸೇರಿಸ್ತಾರೆ. ಮದುವೆ ಎಲ್ಲಾ ಗೊತ್ತು ಮಾಡಿ ಆಮೇಲೆ ಹುಡುಗೀನ ಕೇಳಿದ ಹಾಗೆ. ಕೇಳೋದು ಮೊದ್ಲು, ಬರೆಯೋದು ಆಮೇಲೆ, ಅವರು ಬೇಡ ಅಂದ್ರೆ ಬೇಡ. ಆ ಆರು ಮೂಲನಿವಾಸಿ ಸಂಘಟನೆಗಳಲ್ಲಿ ಒಂದಾದ ಇನ್ಯೂಟ್ ಸರ್ಕಂಪೋಲಾರ್ ಕೌನ್ಸಿಲ್ 2022ರಲ್ಲಿ ‘ನಮ್ಮ ಜೊತೆ ಹೇಗೆ ವ್ಯವಹಾರ ಮಾಡ್ಬೇಕು’ ಅಂತ ನಿಯಮಾವಳಿನೇ ಬಿಡುಗಡೆ ಮಾಡಿದೆ, ಅದನ್ನ ಓದದೆ ಮೇಲ್ ಕಳಿಸೋಕೆ ಹೋಗ್ಬೇಡಿ. ಎಸ್ಕಿಮೊ, ಲ್ಯಾಪ್ ಅನ್ನೋ ಪದಗಳನ್ನ ಮರೆತುಬಿಡಿ, ಇನ್ಯೂಟ್, ಸಾಮಿ ಅಂತ ಅವರು ಏನಂತ ಕರ್ಕೊಳ್ತಾರೋ ಹಾಗೇ ಕರೀರಿ. ರೈನ್‌ಡೀರ್ (ಹಿಮಸಾರಂಗ) ಸಾಕೋ ಸಾಮಿ ಜನರನ್ನ ‘ನಿಮ್ಮ ಹತ್ರ ಎಷ್ಟು ರೈನ್‌ಡೀರ್ ಇದೆ’ ಅಂತ ಕೇಳೋದು ಬ್ಯಾಂಕ್ ಬ್ಯಾಲೆನ್ಸ್ ಕೇಳಿದ ಹಾಗೆ. ರೈನ್‌ಡೀರ್ ಮರಿ ಹಾಕೋ ಮೇ ತಿಂಗಳಲ್ಲಿ ಮೀಟಿಂಗ್ ಇಟ್ಟು, ಯಾರೂ ಬರಲಿಲ್ಲ ಅಂತ ಗೊಣಗ್ಬೇಡಿ. ಬಂದವರಿಗೆ ಪ್ರಯಾಣದ ಖರ್ಚು, ಸಮಯಕ್ಕೆ ಸಂಭಾವನೆ, ಅನುವಾದಕರು, ಮೂರೂ ಬಜೆಟ್‌ನಲ್ಲಿ ಇರಲಿ, ಮೀಟಿಂಗ್‌ಗೆ ಬರೋ ಅಧಿಕಾರಿಗೆ ಸಂಬಳ ಓಡ್ತಿರತ್ತೆ, ದನಿ ಕೊಡೋಕೆ ಬರೋ ಬೇಟೆಗಾರನಿಗೆ ಆ ದಿನದ ಬೇಟೆ ಹೋಗತ್ತೆ.

ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ಕೆಲಸಾನೂ ಇದರಿಂದಲೇ ಆಗತ್ತೆ. ದಕ್ಷಿಣದ ದೇಶಗಳಲ್ಲಿ ಬಳಸಿದ ಕೀಟನಾಶಕ, ಪಿಸಿಬಿ ಅನ್ನೋ ಕಾರ್ಖಾನೆ ರಾಸಾಯನಿಕ ಎಲ್ಲ ಗಾಳೀಲಿ ಉತ್ತರಕ್ಕೆ ಹೋಗಿ, ಸೀಲ್, ತಿಮಿಂಗಿಲಗಳ ಕೊಬ್ಬಲ್ಲಿ ಸೇರಿ, ಕೊನೆಗೆ ಇನ್ಯೂಟ್ ತಾಯಂದಿರ ಎದೆಹಾಲಲ್ಲಿ ಸಿಕ್ತು. ವಿಜ್ಞಾನಿಗಳ ಅಂಕಿಅಂಶ ಒಂದು ಕಡೆ, ಶೀಲಾ ವಾಟ್-ಕ್ಲೂಟಿಯೆ ಥರದ ಇನ್ಯೂಟ್ ನಾಯಕರು ಇನ್ನೊಂದು ಕಡೆ, ಈ ವಿಷಗಳನ್ನ ತಡೆಯೋ ಒಪ್ಪಂದದ ಮಾತುಕತೆ ನಡೆಸೋರಿಗೆ ತಾಯಿ-ಮಗುವಿನ ಕೆತ್ತನೆ ಒಂದನ್ನ ಕೊಟ್ಟು ಯಾರ ವಿಷಯ ಮಾತಾಡ್ತಿದ್ದೀರಿ ಅಂತ ನೆನಪಿಸಿದ್ರು. ಹಾಗೆ ಬಂದ 2001ರ ಸ್ಟಾಕ್‌ಹೋಮ್ ಒಪ್ಪಂದದ ಪ್ರಸ್ತಾವನೇಲಿ ಆರ್ಕ್ಟಿಕ್ ಮತ್ತು ಅಲ್ಲಿನ ಮೂಲನಿವಾಸಿಗಳ ಹೆಸರು ಇದೆ.

ಪದಗಳ ವಿಷಯ ಬಂದ್ರೆ, ಕೌನ್ಸಿಲ್‌ನಲ್ಲಿ ಎಲ್ಲಾ ಒಮ್ಮತದಿಂದಾನೇ ಆಗ್ಬೇಕು. ಎತ್ತು ಏರಿಗೆ, ಕೋಣ ನೀರಿಗೆ ಅಂತ ಎಳೆದ್ರೆ ಬಂಡಿ ಅಲ್ಲೇ ನಿಲ್ಲತ್ತೆ. 2019ರಲ್ಲಿ ಫಿನ್‌ಲ್ಯಾಂಡ್‌ನ ರೊವಾನಿಯೆಮಿ ಸಭೇಲಿ ಹವಾಮಾನ ಬದಲಾವಣೆ ಅನ್ನೋ ಮಾತಿಗೆ ಅಮೆರಿಕ ಒಪ್ಪದೆ, ಮೊದಲ್ನೇ ಸಲ ಜಂಟಿ ಘೋಷಣೆನೇ ಬರಲಿಲ್ಲ. ಹಾಗಾಗಿ ಕರಡು ತಿಂಗಳುಗಳ ಮುಂಚೆನೇ ಎಲ್ರಿಗೂ ಕಳಿಸಿ, ಯಾರಿಗೆ ಯಾವ ಪದ ಚುಚ್ಚತ್ತೆ ಅಂತ ಖಾಸಗಿಯಾಗಿ ಕೇಳಿ, ಸಭೇಲಿ ಯಾರನ್ನೂ ಎಲ್ಲರ ಮುಂದೆ ಇಲ್ಲ ಅನ್ನೋ ಸ್ಥಿತಿಗೆ ತರಬೇಡಿ.

ಇನ್ನು ಮುರಿದು ಬೀಳೋ ದಿನಕ್ಕೆ ರೆಡಿ ಇರಿ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಲ್ಲಿ, ರಷ್ಯಾ ಬಿಟ್ಟು ಉಳಿದ ಏಳು ದೇಶಗಳು ಕೌನ್ಸಿಲ್ ಕೆಲಸ ನಿಲ್ಲಿಸಿದ್ವು, ಆಗ ಅಧ್ಯಕ್ಷ ಸ್ಥಾನದಲ್ಲಿದ್ದಿದ್ದು ರಷ್ಯಾನೇ, ವರ್ಕಿಂಗ್ ಗ್ರೂಪ್‌ಗಳು ಆನ್‌ಲೈನಲ್ಲಿ ಮತ್ತೆ ಸೇರೋಕೆ 2024 ಬಂತು. ಆರ್ಕ್ಟಿಕ್ ಕರಾವಳಿಯ ಸುಮಾರು ಅರ್ಧ ರಷ್ಯಾದ್ದು, ಅಲ್ಲಿಂದ ಡೇಟಾ ಬರೋದು ನಿಂತ್ರೆ ನಕ್ಷೇಲಿ ಅರ್ಧ ಬಿಳಿ. ಅದಕ್ಕೆ ಒಪ್ಪಂದ ಬರೆಯುವಾಗ್ಲೇ ಡೇಟಾದ ಪ್ರತಿ ಎರಡು ದೇಶದಲ್ಲಿ ಇರಲಿ, ಒಂದು ದೇಶ ಹೊರಗೆ ಹೋದ್ರೂ ಉಳಿದ ಭಾಗ ಓಡೋ ಹಾಗೆ ಕೆಲಸ ತುಂಡು ಮಾಡಿ, ಜೀವ ಉಳಿಸೋ ಕೆಲಸದ ಸಂಪರ್ಕಗಳನ್ನ ಬೇರೆ ಇಡಿ. ಸಮುದ್ರದಲ್ಲಿ ಹುಡುಕಾಟ-ರಕ್ಷಣೆಗೆ 2011ರ ಒಪ್ಪಂದ, ಎಣ್ಣೆ ಸೋರಿಕೆಗೆ 2013ರದ್ದು, ವಿಜ್ಞಾನಕ್ಕೆ 2017ರದ್ದು, ಇವು ಎಂಟೂ ದೇಶಗಳನ್ನ ಕಾನೂನಾಗಿ ಕಟ್ಟಿಹಾಕೋ ಕಾಗದಗಳು, ನಿಮ್ಮ ಪ್ರಾಜೆಕ್ಟ್ ಇವುಗಳಲ್ಲಿ ಒಂದರ ನೆರಳಲ್ಲಿದ್ರೆ ವೀಸಾ, ಸ್ಯಾಂಪಲ್ ಸಾಗಣೆ ಥರದ ವಿಷಯ ಕೇಳೋಕಾದ್ರೂ ಒಂದು ಆಧಾರ ಇರತ್ತೆ.

ಇದು ಅವಸರ ಇದ್ದವರ ಕೆಲಸ ಅಲ್ಲ. ಕೆನಡಾ, ಗ್ರೀನ್‌ಲ್ಯಾಂಡ್ ನಡುವೆ ಹ್ಯಾನ್ಸ್ ದ್ವೀಪ ಅಂತ ಒಂದು ಬಂಡೆ ಇದೆ, ಇನ್ಯೂಟ್ ಹೆಸರು ತಾರ್ತುಪಾಲುಕ್, ಒಂದು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇರಬಹುದು. ಕೆನಡಾ ಡೆನ್ಮಾರ್ಕ್ ದಶಕಗಟ್ಟಲೆ ಇದು ನಮ್ದು ಅಂತ ಅದರ ಮೇಲೆ ಬಾವುಟ ನೆಟ್ಟು ಮದ್ಯದ ಬಾಟ್ಲಿ ಇಟ್ಟು ಬರ್ತಿದ್ರು, 2022ರ ಜೂನ್‌ನಲ್ಲಿ ಮಧ್ಯೆ ಗೆರೆ ಎಳೆದು ಹಂಚ್ಕೊಂಡ್ರು.

ಎಲ್ರೂ ಎದುರಾಬದುರು ಸಿಗೋದು ಎರಡು ಕಡೆ: ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡ್‌ನ ರೇಕ್ಯಾವಿಕ್‌ನಲ್ಲಿ ಆರ್ಕ್ಟಿಕ್ ಸರ್ಕಲ್ ಸಮ್ಮೇಳನ, ಚಳಿಗಾಲದಲ್ಲಿ ನಾರ್ವೆಯ ಟ್ರಾಮ್ಸೊ ಊರಲ್ಲಿ ಆರ್ಕ್ಟಿಕ್ ಫ್ರಾಂಟಿಯರ್ಸ್ ಸಮ್ಮೇಳನ. ಕೌನ್ಸಿಲ್‌ನ ಕಾಯಂ ಕಚೇರಿ ಇರೋದೂ ಟ್ರಾಮ್ಸೊದಲ್ಲೇ. ಭಾಷಣ ಮಿಸ್ ಆದ್ರೂ ಪರವಾಗಿಲ್ಲ, ಕಾಫಿ ಬ್ರೇಕ್ ಮಿಸ್ ಮಾಡ್ಬೇಡಿ. ಆಮೇಲೆ ಟ್ರಾಮ್ಸೊಗೆ ಹೋಗೋದಾದ್ರೆ ಶೂ ಕೆಳಗೆ ಹಾಕ್ಕೊಳ್ಳೋ ಮುಳ್ಳಿನ ಪಟ್ಟಿ ತಗೊಳ್ಳಿ, ಆ ಕಾಲದಲ್ಲಿ ಫುಟ್‌ಪಾತ್ ಎಲ್ಲ ಗಾಜಿನ ಥರ ಇರತ್ತೆ.