ಮಾಂಸ ಬಿಡುವ ಮೊದಲು ಕಾಳು ನೆನೆಹಾಕಿ

ಶ್ರಾವಣದಲ್ಲಿ ಒಂದು ತಿಂಗಳು, ಅಯ್ಯಪ್ಪ ಮಾಲೆ ಹಾಕಿದರೆ 41 ದಿನ, ಅದಿಲ್ಲದಿದ್ದರೂ ವಾರದಲ್ಲಿ ಸೋಮವಾರ, ಶನಿವಾರ. ಹಳೇ ಮೈಸೂರು ಕಡೆಯ ಮಾಂಸಾಹಾರಿ ಮನೆಗಳಿಗೆ ಮಾಂಸವಿಲ್ಲದ ದಿನ ಹೊಸದೇನಲ್ಲ. ಆದರೂ ‘ಇನ್ನು ಮೇಲೆ ಪೂರ್ತಿ ಸಸ್ಯಾಹಾರ’ ಎಂದು ಹೊರಟವರಲ್ಲಿ ಹಲವರು ಎರಡು ಮೂರು ತಿಂಗಳಿಗೆ ಸುಸ್ತಾಗುತ್ತಾರೆ. ತಿಂಡಿ ತಿಂದಿದ್ದರೂ ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ, ಸಂಜೆ ಕೈಕಾಲು ಸೋಲುತ್ತವೆ, ಹೊಟ್ಟೆ ತುಂಬಿದರೂ ಉಂಡಂತೆ ಅನಿಸುವುದಿಲ್ಲ. ಮನಸ್ಸು ಗಟ್ಟಿಯಿಲ್ಲ ಎಂದು ಬೈದುಕೊಳ್ಳುವ ಮೊದಲು ಒಮ್ಮೆ ತಟ್ಟೆ ನೋಡಿಕೊಳ್ಳಿ. ಮಾಂಸ ಎದ್ದು ಹೋದ ಜಾಗದಲ್ಲಿ ಇನ್ನೊಂದು ಸೌಟು ಅನ್ನ, ನಾಲ್ಕು ಹಪ್ಪಳ, ಒಂದಿಷ್ಟು ಆಲೂಗಡ್ಡೆ ಪಲ್ಯ ಬಂದು ಕೂತಿರುತ್ತದೆ. ವ್ರತದ ಒಂದು ತಿಂಗಳಿಗೆ ಇದು ನಡೆದೀತು, ವರ್ಷಗಟ್ಟಲೆ ನಡೆಯುವುದಿಲ್ಲ.

ಹಾಗಾಗಿ ಮೊದಲ ಎರಡು ವಾರ ಏನನ್ನೂ ಬಿಡಬೇಡಿ. ತಿನ್ನುತ್ತಿರುವುದನ್ನು ತಿನ್ನುತ್ತಲೇ ಕಾಳು, ಬೇಳೆ ಹೆಚ್ಚಿಸಿ. ಮೂರನೇ ವಾರದಿಂದ ವಾರದ ನಡುವಿನ ಕೋಳಿ, ಮೀನು ನಿಲ್ಲಿಸಿ. ಭಾನುವಾರದ ಸಾರನ್ನು ಕೊನೆಗೆ ಮುಟ್ಟಿ, ಏಕೆಂದರೆ ಇಡೀ ಮನೆ ಕಾಯುವುದು ಅದಕ್ಕೇ. ವಾರಕ್ಕೊಂದು ದಿನ ಮಾಂಸ ಇರಲಿ ಎಂದು ಅಲ್ಲಿಗೇ ನಿಲ್ಲಿಸುವವರಿಗೂ ಮುಂದಿನದೆಲ್ಲ ಅನ್ವಯಿಸುತ್ತದೆ.

ಸಾಮಾನಿನ ಚೀಟಿಯಿಂದ ಶುರು

ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಇದೇ ಮಂಡಳಿಯಡಿ ಬರುವ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ದಿನದ ತಟ್ಟೆಯಲ್ಲಿ 85 ಗ್ರಾಂ ಬೇಳೆಕಾಳು ಇದೆ. ಬೇಯಿಸುವ ಮೊದಲಿನ ತೂಕ ಅದು. ಅಷ್ಟರಿಂದ 19 ಗ್ರಾಂನಷ್ಟು ಪ್ರೋಟೀನ್ ಬರುತ್ತದೆ. ಅಕ್ಕಿ, ರಾಗಿ, ಗೋಧಿ ಸೇರಿ 250 ಗ್ರಾಂ ತಿಂದರೆ ಇನ್ನೊಂದು 20. ಹಾಲು, ಮೊಸರು 300 ಮಿಲಿಲೀಟರಿಗೆ 9. ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ 6. ಒಟ್ಟು 50 ದಾಟಿತು.

ಮನೆಗಳಲ್ಲಿ ಎಡವುವುದು ಆ 85 ಗ್ರಾಂನಲ್ಲಿ. ಒಂದು ಬಟ್ಟಲು ತಿಳಿಸಾರಿನಲ್ಲಿ ಇರುವುದು ಹತ್ತು ಹದಿನೈದು ಗ್ರಾಂ ಬೇಳೆ, ಅಂದರೆ ಮೂರು ಗ್ರಾಂ ಪ್ರೋಟೀನ್. ‘ದಿನಾ ಬೇಳೆ ಸಾರು ಮಾಡ್ತೀವಲ್ಲ’ ಎಂಬ ಸಮಾಧಾನ ಇಲ್ಲಿ ಸಾಲದು. ನಾಲ್ಕು ಜನರ ಮನೆಗೆ ದಿನಕ್ಕೆ 340 ಗ್ರಾಂ, ತಿಂಗಳಿಗೆ ಹೆಚ್ಚುಕಮ್ಮಿ 10 ಕಿಲೋ ಬೇಳೆಕಾಳು ಬೇಕು. ನಿಮ್ಮ ಈ ತಿಂಗಳ ಚೀಟಿ ತೆಗೆದು ಕೂಡಿ ನೋಡಿ. ಹೀಗೆ ಬರೆಯಬಹುದು: ತೊಗರಿಬೇಳೆ 3 ಕಿಲೋ, ಹೆಸರುಕಾಳು ಮತ್ತು ಹೆಸರುಬೇಳೆ ಸೇರಿ ಒಂದೂವರೆ, ಕಡಲೆಕಾಳು ಒಂದೂವರೆ, ಹುರುಳಿ 1, ಅಲಸಂದೆ 1, ಕಡಲೆಬೇಳೆ 1, ಉದ್ದಿನಬೇಳೆ 1. ಅದರ ಜೊತೆಗೆ ಅರ್ಧ ಕಿಲೋ ಸೋಯಾ ಚಂಕ್ಸ್. ಒಣ ಚಂಕ್ಸ್‌ನಲ್ಲಿ ಅರ್ಧದಷ್ಟು ಪ್ರೋಟೀನೇ ಇರುವುದರಿಂದ ವಾರಕ್ಕೆ ಒಂದೆರಡು ಸಲ ಹಾಕಿದರೆ ದೊಡ್ಡ ಆಸರೆ. ಉಪ್ಪು ಹಾಕಿದ ನೀರಿನಲ್ಲಿ ಐದು ನಿಮಿಷ ಕುದಿಸಿ, ತಣ್ಣೀರಲ್ಲಿ ಎರಡು ಸಲ ತೊಳೆದು, ಅಂಗೈಯಲ್ಲಿ ಚೆನ್ನಾಗಿ ಹಿಂಡಿ ಮಸಾಲೆಗೆ ಹಾಕಿ. ಹಿಂಡದಿದ್ದರೆ ಹಸಿ ವಾಸನೆ ಹೋಗುವುದಿಲ್ಲ, ಒಳಗೆ ನೀರೇ ತುಂಬಿರುವುದರಿಂದ ಮಸಾಲೆಯನ್ನೂ ಹೀರುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾಗೂ ನಡುವೆ ಕೆಲವು ಗಂಟೆ ಬಿಡಬೇಕು.

ಹಲಸಿನಕಾಯಿ, ಅಣಬೆಗಳ ವಿಷಯದಲ್ಲಿ ಒಂದು ಎಚ್ಚರ. ಎಳೆ ಹಲಸು ಬಾಯಿಗೆ ಮಾಂಸದಂತೆಯೇ ಸಿಗುತ್ತದೆ, ಕರಾವಳಿಯ ಗುಜ್ಜೆ ಸುಕ್ಕ ತಿಂದವರಿಗೆ ಹೇಳಬೇಕಾಗಿಯೇ ಇಲ್ಲ. ಆದರೆ ಪ್ರೋಟೀನ್ ನೂರು ಗ್ರಾಂಗೆ ಎರಡು ಮೂರು ಗ್ರಾಂ ಅಷ್ಟೇ. ರುಚಿಗೆ ಮಾಡಿ, ಜೊತೆಗೆ ಕಡಲೆಕಾಳನ್ನೂ ಬೆರೆಸಿ.

ನೆನೆಹಾಕುವುದು, ಮೊಳಕೆ ಕಟ್ಟುವುದು

‘ಕಾಳು ತಿಂದರೆ ಹೊಟ್ಟೆ ಉಬ್ಬರ, ಗ್ಯಾಸು’ ಎಂಬುದೇ ಎಲ್ಲರ ದೂರು. ದೂರು ನಿಜ. ಕಾಳುಗಳಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಸಣ್ಣಕರುಳು ಅರಗಿಸಲಾರದು. ಅವು ದೊಡ್ಡಕರುಳಿಗೆ ಇಳಿದು ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾದಾಗ ಗಾಳಿ ಹುಟ್ಟುತ್ತದೆ. ನೆನೆಸಿದಾಗ ಈ ಸಕ್ಕರೆಗಳಲ್ಲಿ ಒಂದಷ್ಟು ನೀರಿಗೆ ಬಿಡುತ್ತವೆ. ಆದ್ದರಿಂದ ಕಾಳು ಎಂಟರಿಂದ ಹನ್ನೆರಡು ಗಂಟೆ ನೆನೆಯಲಿ, ನೆನೆದ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಬೇಯಿಸಿದ ಮೇಲಿನ ಕಟ್ಟನ್ನು ಮಾತ್ರ ಚೆಲ್ಲಬೇಡಿ, ಬಸ್ಸಾರಿಗೆ, ಹುರುಳಿ ಸಾರಿಗೆ ಅದೇ ಜೀವ. ಒಗ್ಗರಣೆಗೆ ಇಂಗು, ಶುಂಠಿ, ಜೀರಿಗೆ ಇರಲಿ. ಮೊದಲ ವಾರ ತಲೆಗೆ ಎರಡು ಚಮಚ ಬೆಂದ ಕಾಳು ಸಾಕು, ಮೂರು ವಾರದಲ್ಲಿ ಒಂದು ಬಟ್ಟಲಿಗೆ ಬನ್ನಿ. ಹೊಟ್ಟೆ ಒಗ್ಗುತ್ತದೆ, ಆದರೆ ಒಂದೇ ದಿನಕ್ಕೆ ಒಗ್ಗುವುದಿಲ್ಲ. ಶುರುವಿಗೆ ಹೆಸರುಬೇಳೆ ಹಗುರ, ಕಡಲೆ ಮತ್ತು ರಾಜ್ಮಾ ಕೊನೆಗೆ. ರಾಜ್ಮಾ ಅರೆಬೆಂದರೆ ವಾಂತಿ ಭೇದಿ ಹತ್ತಿಸುವ ವಿಷ ಅದರಲ್ಲಿ ಉಳಿಯುತ್ತದೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ನಲುಗುವ ತನಕ ಕುಕ್ಕರಿನಲ್ಲೇ ಬೇಯಿಸಿ.

ಮೊಳಕೆ ಕಟ್ಟಿದರೆ ಇನ್ನೂ ಲಾಭ. ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಮೊಳಕೆ ಬಂದಾಗ ಅದು ಕಡಿಮೆಯಾಗುತ್ತದೆ. 200 ಗ್ರಾಂ ಹುರುಳಿಯನ್ನು ಕಲ್ಲು ಆರಿಸಿ, ಮೂರು ನೀರಿನಲ್ಲಿ ತೊಳೆದು, ಹನ್ನೆರಡು ಗಂಟೆ ನೆನೆಹಾಕಿ. ನೀರು ಪೂರ್ತಿ ಬಸಿದು ಹಳೇ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ, ತೂತಿನ ಪಾತ್ರೆಯಲ್ಲಿಟ್ಟು ತಟ್ಟೆ ಮುಚ್ಚಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಬೆಳ್ಳನೆ ಮೂತಿ ಹೊರಡುತ್ತದೆ, ಚಳಿಗಾಲದಲ್ಲಿ ಒಂದೂವರೆ ದಿನ ಬೇಕು. ಗಂಟು ಬಿಚ್ಚಿದಾಗ ಹಸಿ ಹುಲ್ಲಿನ ವಾಸನೆ ಬಂದರೆ ಸರಿಯಾಗಿದೆ. ಹುಳಿ ವಾಸನೆ ಬಂದು ಕೈಗೆ ಲೋಳೆ ಹತ್ತಿದರೆ ನೀರು ಸರಿಯಾಗಿ ಬಸಿದಿಲ್ಲವೆಂದೇ ಅರ್ಥ, ಯೋಚಿಸದೆ ಚೆಲ್ಲಿ. ಕಾಳಿನ ನಡುವೆ ಕೆಲವು ಗಟ್ಟಿಗಾಳು ನೆನೆಯದೆ ಉಳಿದಿರುತ್ತವೆ, ಹಲ್ಲಿಗೆ ಸಿಕ್ಕರೆ ಹಲ್ಲೇ ಹೋದೀತು, ಆರಿಸಿ ತೆಗೆಯಿರಿ. ಮೊಳಕೆಯನ್ನು ಹಸಿಯಾಗಿ ತಿನ್ನುವುದಕ್ಕಿಂತ ಬೇಯಿಸಿ ತಿನ್ನುವುದು ಕ್ಷೇಮ, ಮಕ್ಕಳಿಗೂ ಬಸುರಿಯರಿಗೂ ಅಂತೂ ಬೇಯಿಸಿಯೇ ಕೊಡಿ.

ಭಾನುವಾರದ ಸಾರು

ಮಟನ್ ಸಾರಿನಲ್ಲಿ ನಾಲಿಗೆಗೆ ಹತ್ತಿರುವುದು ಬಹುಪಾಲು ಮಸಾಲೆ ಮತ್ತು ಕೊಬ್ಬು. ಮಸಾಲೆ ಹೇಗೂ ನಮ್ಮ ಕೈಯಲ್ಲಿದೆ. ಕೊಬ್ಬು ಮಾಂಸದಿಂದ ತಾನಾಗಿ ಸಾರಿಗೆ ಇಳಿಯುತ್ತಿತ್ತು, ಕಾಳಿನಿಂದ ಇಳಿಯುವುದಿಲ್ಲ. ಈ ಕೊರತೆ ತುಂಬದೆ ಅದೇ ಮಸಾಲೆಗೆ ಕಾಳು ಹಾಕಿದವರ ಸಾರು ನೀರುನೀರಾಗಿ, ಖಾರ ಮಾತ್ರ ಎದ್ದು ಹೊಡೆಯುತ್ತದೆ.

ನಾಲ್ಕು ಜನಕ್ಕೆ 250 ಗ್ರಾಂ ಕಡಲೆಕಾಳು ರಾತ್ರಿ ನೆನೆಯಲಿ. ಬೆಳಿಗ್ಗೆ ಉಪ್ಪು, ಅರಿಶಿನ ಹಾಕಿ ಐದಾರು ವಿಷಲ್ ಕೂಗಿಸಿ. ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಒಂದಿಂಚು ಚಕ್ಕೆ, ನಾಲ್ಕು ಲವಂಗ, ಒಂದು ಚಿಕ್ಕ ಚಮಚ ಗಸಗಸೆ, ಹತ್ತು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಉದ್ದಕ್ಕೆ ಹೆಚ್ಚಿದ ಎರಡು ಈರುಳ್ಳಿ ಹಾಕಿ ಹುರಿಯಿರಿ. ಈರುಳ್ಳಿಯ ಅಂಚು ಕಂದು ತಿರುಗುವ ತನಕ ಕಾಯಬೇಕು. ಆತುರಪಟ್ಟು ಬೆಳ್ಳಗಿರುವಾಗಲೇ ಇಳಿಸಿದರೆ ಸಾರು ಸಿಹಿಯಾಗುತ್ತದೆ. ಎರಡು ದೊಡ್ಡ ಚಮಚ ಧನಿಯಾಪುಡಿ, ಒಂದು ದೊಡ್ಡ ಚಮಚ ಖಾರದಪುಡಿ, ಅರ್ಧ ಬಟ್ಟಲು ತೆಂಗಿನತುರಿ, ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಕೊನೆಯಲ್ಲಿ ಬೆಂದ ಕಾಳು ಒಂದು ಸೌಟು ತೆಗೆದು ಅದರ ಜೊತೆಗೇ ರುಬ್ಬಿ, ಸಾರಿಗೆ ಮೈ ಬರುವುದು ಇದರಿಂದ. ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ (ಇಲ್ಲಿ ಜಿಪುಣತನ ಬೇಡ), ರುಬ್ಬಿದ್ದನ್ನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬಾಡಿಸಿ. ಅಂಚಿನಲ್ಲಿ ಎಣ್ಣೆ ಬಿಟ್ಟು ಹಸಿ ಮಸಾಲೆ ವಾಸನೆ ಹೋದ ಮೇಲೆ ಕಾಳು, ಕಟ್ಟು, ನಾಲ್ಕು ಹೋಳು ಬದನೆಕಾಯಿ, ಆಲೂಗಡ್ಡೆ ಹಾಕಿ ಹದಿನೈದು ನಿಮಿಷ ಕುದಿಸಿ. ಬಿಸಿ ಮುದ್ದೆಯ ಮೇಲೆ ಸುರಿದಾಗ ಹರಿದು ಹೋಗದೆ ಮುದ್ದೆಗೆ ಅಂಟಿಕೊಂಡರೆ ಹದ ಬಂದಿದೆ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಕಡಲೆಯ ಬದಲು ಹಿತಕಿದ ಬೇಳೆ ಹಾಕಿ. ಆ ಎರಡು ತಿಂಗಳು ಮಾಂಸದ ನೆನಪೇ ಬರುವುದಿಲ್ಲ.

ಬಿ12, ಕಬ್ಬಿಣ, ಮತ್ತು ಮೀನು ಬಿಟ್ಟವರಿಗೆ

ವಿಟಮಿನ್ ಬಿ12ರ ವಿಷಯದಲ್ಲಿ ರಾಜಿ ಬೇಡವೇ ಬೇಡ. ಸೊಪ್ಪು, ಕಾಳು, ತರಕಾರಿ ಯಾವುದರಲ್ಲೂ ಇದು ನಂಬುವ ಪ್ರಮಾಣದಲ್ಲಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇದೆ ಎಂಬ ಮಾತುಗಳನ್ನು ನೆಚ್ಚಿ ಕೂರಬೇಡಿ. ದೊಡ್ಡವರಿಗೆ ದಿನಕ್ಕೆ ಸುಮಾರು 2.2 ಮೈಕ್ರೋಗ್ರಾಂ ಬೇಕು. 300 ಮಿಲಿಲೀಟರ್ ಹಾಲು, ಮೊಸರಿನಿಂದ ಒಂದು ಚಿಲ್ಲರೆ ಮೈಕ್ರೋಗ್ರಾಂ, ಒಂದು ಮೊಟ್ಟೆಯಿಂದ ಅರ್ಧ ಮೈಕ್ರೋಗ್ರಾಂ ಸಿಗುತ್ತದೆ. ಹಾಲು, ಮೊಸರು ಸೇರಿ ಅರ್ಧ ಲೀಟರು ದಿನಾ ಸೇವಿಸುವವರು ಹತ್ತಿರ ಮುಟ್ಟುತ್ತಾರೆ. ಹಾಲೂ ಬಿಟ್ಟವರಿಗೆ ಮಾತ್ರೆಯೇ ದಾರಿ.

ಯಾಮಾರಿಸುವ ಸಂಗತಿ ಏನೆಂದರೆ, ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷ ಬಾಳುತ್ತದೆ. ಮಾಂಸ ಬಿಟ್ಟು ಎರಡು ವರ್ಷ ಚೆನ್ನಾಗಿಯೇ ಇದ್ದು, ಆಮೇಲೆ ಅಂಗಾಲು ಜುಮ್ಮೆನ್ನುವುದು, ಬಾಯಿಹುಣ್ಣು, ಮರೆವು, ತೀರದ ಸುಸ್ತು ಶುರುವಾದರೆ ಅದಕ್ಕೂ ಊಟಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ನರಗಳಿಗೆ ಆದ ಹಾನಿ ತಡವಾದರೆ ಪೂರ್ತಿ ವಾಪಸಾಗದೆ ಇರಬಹುದು. ಶುರುವಿನಲ್ಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತದಲ್ಲಿ ಬಿ12, ಹಿಮೋಗ್ಲೋಬಿನ್ ನೋಡಿಸಿ, ಮಾತ್ರೆಯ ಪ್ರಮಾಣ ವೈದ್ಯರು ಹೇಳಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ಆ್ಯಸಿಡ್ ತಗ್ಗಿಸುವ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಹೀರಿಕೆಯೇ ಕಡಿಮೆ, ಅವರು ಇನ್ನೂ ಎಚ್ಚರವಾಗಿರಬೇಕು. ಬರೀ ಫೋಲಿಕ್ ಆ್ಯಸಿಡ್ ಮಾತ್ರೆ ನುಂಗಿದರೆ ರಕ್ತದ ವರದಿ ಸರಿಹೋದಂತೆ ಕಂಡು ನರದ ಹಾನಿ ಒಳಗೊಳಗೇ ಮುಂದುವರಿಯುವ ಅಪಾಯವಿದೆ.

ಕಬ್ಬಿಣಾಂಶ ಹುರುಳಿ, ಅಲಸಂದೆ, ದಂಟು, ಹರಿವೆಗಳಲ್ಲಿ ಸಾಕಷ್ಟಿದೆ, ಆದರೆ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ದಕ್ಕುವುದಿಲ್ಲ. ಪಲ್ಯ ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿ, ಊಟಕ್ಕೆ ನೆಲ್ಲಿಕಾಯಿ ಚಟ್ನಿ ಇಡಿ. ತಿಂಡಿ ಮುಗಿಯುತ್ತಲೇ ಕಾಫಿ ಲೋಟ ಎತ್ತುವ ನಮ್ಮ ಅಭ್ಯಾಸ ಇದಕ್ಕೆ ಶತ್ರು, ಕಾಫಿ ಟೀ ಒಂದು ಗಂಟೆ ತಡವಾಗಲಿ. ಮುಟ್ಟು ನಿಲ್ಲದ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸರಿಗೆ 19. ಹಾಗಾಗಿ ಕಾಳಿನ ಪಾತ್ರೆ ಮೊದಲು ಹೆಂಗಸರ ತಟ್ಟೆಯ ಕಡೆ ಹೋಗಲಿ. ಕೊನೆಗೆ ಉಳಿದ ತಿಳಿ ಬಡಿಸಿಕೊಂಡು ಉಣ್ಣುವ ಅಮ್ಮಂದಿರೇ ರಕ್ತಹೀನತೆಗೆ ಮೊದಲು ಸಿಗುವುದು.

ಕರಾವಳಿಯಲ್ಲಿ ಬೂತಾಯಿ, ಬಂಗುಡೆ ಬಿಟ್ಟವರು ಒಮೆಗಾ-3 ಎಂಬ ಒಳ್ಳೆಯ ಕೊಬ್ಬನ್ನೂ ಬಿಟ್ಟಿರುತ್ತಾರೆ. ಇದಕ್ಕೆ ಉತ್ತರ ಕರ್ನಾಟಕದ ಅಗಸಿ ಹಿಂಡಿಯ ನೆರವು ಪಡೆಯಬಹುದು: ದಿನಕ್ಕೊಂದು ದೊಡ್ಡ ಚಮಚ ಅಗಸೆ, ಹುರಿದು ಪುಡಿ ಮಾಡಿ. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ. ಪುಡಿ ಬೇಗ ಕಮಟುತ್ತದೆ, ವಾರಕ್ಕಾಗುವಷ್ಟೇ ಮಾಡಿ ಬಿಗಿ ಡಬ್ಬಿಯಲ್ಲಿಡಿ. ಅಗಸೆಯ ಒಮೆಗಾ-3 ದೇಹದಲ್ಲಿ ಮೀನಿನದರ ರೂಪಕ್ಕೆ ಬದಲಾಗುವುದು ಸ್ವಲ್ಪ ಮಾತ್ರ, ಅದು ಗೊತ್ತಿರಲಿ. ಅಯೋಡಿನ್ ಉಪ್ಪು ತಪ್ಪಿಸಬೇಡಿ.

ಬೆಳೆಯುವ ಮಕ್ಕಳ ಹೊಟ್ಟೆ ಚಿಕ್ಕದು, ಬರೀ ಸೊಪ್ಪು ಅನ್ನದಲ್ಲಿ ಅದು ತುಂಬಿಬಿಡುತ್ತದೆ. ಅವರಿಗೆ ಕಡಲೆಕಾಯಿ ಚಿಕ್ಕಿ, ತುಪ್ಪ, ಗಟ್ಟಿ ಬೇಳೆ, ಮೊಸರು ಬೇಕು. ಮೂತ್ರಪಿಂಡದ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು.

ಹೊರಗೆ ಉಣ್ಣುವಾಗ

ಪ್ಯಾಕೆಟ್ಟಿನ ಮೇಲೆ ಚೌಕದೊಳಗಿನ ಹಸಿರು ಚುಕ್ಕೆ ನೋಡಿ ಕೊಳ್ಳಿ. ಬೇಕರಿಯ ಬಿಡಿ ಕೇಕು, ರಸ್ತೆಬದಿಯ ನೂಡಲ್ಸಿನಲ್ಲಿ ಮೊಟ್ಟೆ ಇರಬಹುದು, ಕೇಳಿಯೇ ತಿನ್ನಬೇಕು. ಮೊಟ್ಟೆ ತಿನ್ನುವುದೋ ಬಿಡುವುದೋ ಎಂಬುದನ್ನು ಮೊದಲೇ ತೀರ್ಮಾನಿಸಿದ್ದರೆ ಪ್ರತಿ ಸಲ ಯೋಚಿಸುವುದು ತಪ್ಪುತ್ತದೆ.

ಕಷ್ಟವಿರುವುದು ಬೀಗರೂಟದಲ್ಲಿ, ಯುಗಾದಿಯ ಮಾರನೇ ದಿನದ ಹೊಸತೊಡಕಿನಲ್ಲಿ. ಎಲೆಯ ಮುಂದೆ ಕೂತ ಮೇಲೆ ‘ಬೇಡ’ ಅಂದರೆ ಬಡಿಸುವವರಿಗೆ ನೋವು, ನಿಮಗೆ ಮುಜುಗರ. ಎರಡು ದಿನ ಮೊದಲೇ ಫೋನ್ ಮಾಡಿ, ‘ಅತ್ತೆ, ನಾನು ಮಾಂಸ ಬಿಟ್ಟಿದ್ದೀನಿ, ನನಗೇಂತ ಬೇರೆ ಅಡುಗೆ ಏನೂ ಬೇಡ, ಮುದ್ದೆ ಒಂದಿದ್ರೆ ಸಾಕು, ಕಾಳು ಸಾರು ನಾನೇ ತರ್ತೀನಿ’ ಅಂದುಬಿಡಿ. ತರುವಾಗ ಒಬ್ಬರಿಗಲ್ಲ, ಆರು ಜನಕ್ಕಾಗುವಷ್ಟು ತನ್ನಿ. ಮಸಾಲೆ ಘಮ ಎದ್ದ ಮೇಲೆ ಪಕ್ಕದ ಎಲೆಯವರೂ ಒಂದು ಸೌಟು ಕೇಳುತ್ತಾರೆ.