ವಾಂತಿ-ಭೇದಿಯ ನಡುವೆ ಮಗುವಿಗೆ ಸೆಳೆತ ಬಂದರೆ

ರೋಟಾವೈರಸ್ ಅಥವಾ ನೊರೊವೈರಸ್ ಸೋಂಕಿನಿಂದ ವಾಂತಿ-ಭೇದಿಯಾಗುತ್ತಿರುವ, ಸುಮಾರು 6 ತಿಂಗಳಿಂದ 3 ವರ್ಷದೊಳಗಿನ ಕೆಲವು ಮಕ್ಕಳಿಗೆ, ಜ್ವರವಾಗಲಿ ತೀವ್ರ ನಿರ್ಜಲೀಕರಣವಾಗಲಿ ಇಲ್ಲದಿದ್ದರೂ ಸೆಳೆತ (ಫಿಟ್ಸ್) ಬರುವುದುಂಟು. ಅದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆಯಾದರೂ ಒಂದೇ ದಿನದಲ್ಲಿ ಮರುಕಳಿಸಬಹುದಾದ್ದರಿಂದ, ಮಗು ಚೇತರಿಸಿಕೊಂಡಂತೆ ಕಂಡರೂ ಮನೆಯಲ್ಲೇ ಉಳಿಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತದಲ್ಲಿನ ಸಕ್ಕರೆ ಅಥವಾ ಸೋಡಿಯಂ ಏರುಪೇರಾಗಿ ಬರುವ ಸೆಳೆತಕ್ಕೆ ಚಿಕಿತ್ಸೆಯೇ ಬೇರೆಯಾದ್ದರಿಂದ, ಕಾರಣ ಯಾವುದೆಂದು ವೈದ್ಯರೇ ನೋಡಬೇಕು.

ಸೆಳೆತದ ವೇಳೆ ಮಗುವನ್ನು ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಿಕೊಳ್ಳಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ, ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ (ಗಾಬರಿಯಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ). 5 ನಿಮಿಷ ಕಳೆದರೂ ನಿಲ್ಲದಿದ್ದರೆ ಆಂಬ್ಯುಲೆನ್ಸ್ ಕರೆಯಿರಿ. ಮತ್ತೊಬ್ಬರು ಜೊತೆಗಿದ್ದರೆ ವಿಡಿಯೊ ಮಾಡಿಸಿಟ್ಟುಕೊಳ್ಳುವುದು ವೈದ್ಯರಿಗೆ ನೆರವಾಗುತ್ತದೆ. ಇಂತಹ ಹೆಚ್ಚಿನ ಮಕ್ಕಳಿಗೆ ದೀರ್ಘಕಾಲದ ಮೂರ್ಛೆರೋಗದ ಔಷಧಿ ಬೇಕಾಗುವುದಿಲ್ಲ.