ಸ್ವಿಚ್ ಕಾನ್ಫಿಗರೇಶನ್‌ಗಳನ್ನು ದೂರದ ಸರ್ವರ್‌ಗೆ ಬ್ಯಾಕಪ್ ಮಾಡಿದ ನನ್ನ ಅನುಭವ

ಸಿಸ್ಕೊದ ಐಒಎಸ್ ತಂತ್ರಾಂಶದ ಮೇಲೆ ನಡೆಯುವ ಸ್ವಿಚ್‌ನಲ್ಲಿ (ನೆಟ್‌ವರ್ಕ್‌ನ ಸಾಧನಗಳನ್ನು ಜೋಡಿಸುವ ಪೆಟ್ಟಿಗೆ) ಚಾಲ್ತಿಯಲ್ಲಿರುವ ಸೆಟ್ಟಿಂಗ್‌ಗಳು, ಅಂದರೆ ರನ್ನಿಂಗ್ ಕಾನ್ಫಿಗ್, ರ‍್ಯಾಮ್‌ನಲ್ಲಿರುತ್ತದೆ. ಸೇವ್ ಮಾಡಿದ, ಸ್ವಿಚ್ ಆನ್ ಆದಾಗ ಓದಿಕೊಳ್ಳುವ ಸ್ಟಾರ್ಟಪ್ ಕಾನ್ಫಿಗ್ ವಿದ್ಯುತ್ ಹೋದರೂ ಅಳಿಯದ ಎನ್‌ವಿರ‍್ಯಾಮ್‌ನಲ್ಲಿರುತ್ತದೆ. ಸ್ವಿಚ್ಚೇ ಸುಟ್ಟುಹೋದರೆ ಎರಡೂ ಒಟ್ಟಿಗೆ ಹೋಗುವುದರಿಂದ, ನನ್ನ ಉಸ್ತುವಾರಿಯಲ್ಲಿದ್ದ ಎಲ್ಲ ಸ್ವಿಚ್‌ಗಳ ಪ್ರತಿಯೂ ಬೇರೊಂದು ಕಟ್ಟಡದ ಲಿನಕ್ಸ್ ಸರ್ವರ್‌ನಲ್ಲಿ ಇರುವಂತೆ ವ್ಯವಸ್ಥೆ ಮಾಡಿದೆ.

ಇದಕ್ಕೆ ಬಹಳ ಮಂದಿ ಬಳಸುವುದು ಫೈಲ್ ಸಾಗಿಸುವ ಸರಳ ವಿಧಾನವಾದ ಟಿಎಫ್‌ಟಿಪಿ. ಯುಡಿಪಿ 69ನೇ ಪೋರ್ಟ್‌ನಲ್ಲಿ ನಡೆಯುವ ಈ ಪ್ರೋಟೊಕಾಲ್‌ಗೆ ಪಾಸ್‌ವರ್ಡೂ ಇಲ್ಲ, ಎನ್‌ಕ್ರಿಪ್ಷನ್ನೂ ಇಲ್ಲ. ಕಾನ್ಫಿಗ್ ಫೈಲಿನಲ್ಲಿಯೋ ಸಾಧನಗಳ ಮೇಲ್ವಿಚಾರಣೆಗೆ ಬಳಸುವ ಎಸ್‌ಎನ್‌ಎಂಪಿಯ ಕಮ್ಯುನಿಟಿ ಹೆಸರುಗಳು (ಪಾಸ್‌ವರ್ಡ್‌ನಂತೆ ಕೆಲಸ ಮಾಡುವಂಥವು) ಇದ್ದ ಹಾಗೆಯೇ ಕಾಣಿಸುತ್ತವೆ. ಸಿಸ್ಕೊದ ದುರ್ಬಲ ಮರೆಮಾಚುವಿಕೆಯಾದ ಟೈಪ್ 7ರಲ್ಲಿರುವ ಪಾಸ್‌ವರ್ಡ್‌ಗಳನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು. ಆದ್ದರಿಂದ ಎನ್‌ಕ್ರಿಪ್ಟ್ ಆದ ಎಸ್‌ಎಸ್‌ಎಚ್ ಸಂಪರ್ಕದ ಮೇಲೆ ಫೈಲ್ ಸಾಗಿಸುವ ಎಸ್‌ಸಿಪಿಯನ್ನು ಆರಿಸಿಕೊಂಡೆ.

ಸ್ವಿಚ್‌ನ ಆರ್ಕೈವ್ ಸೌಲಭ್ಯದಲ್ಲಿ ಸರ್ವರ್‌ನ ವಿಳಾಸವನ್ನು ಕೊಟ್ಟು, ರೈಟ್ ಮೆಮೊರಿ ಆದಾಗಲೆಲ್ಲ (ಕಾನ್ಫಿಗ್ ಸೇವ್ ಮಾಡಿದಾಗಲೆಲ್ಲ) ಹಾಗೂ ಪ್ರತಿ 1440 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೊಂದು ಸಲ, ಪ್ರತಿ ಹೋಗುವಂತೆ ಮಾಡಿದೆ. ಆ ವಿಳಾಸದೊಳಗೆ ಸರ್ವರ್‌ನ ಪಾಸ್‌ವರ್ಡನ್ನೂ ಬರೆಯಬೇಕಾಗುವುದರಿಂದ, ಬ್ಯಾಕಪ್ ಡೈರೆಕ್ಟರಿಯ ಹೊರಗೆ ಯಾವ ಅಧಿಕಾರವೂ ಇಲ್ಲದ ಪ್ರತ್ಯೇಕ ಅಕೌಂಟ್ ತೆರೆದೆ. ಇದರ ಜೊತೆಗೆ ಆಕ್ಸಿಡೈಸ್ಡ್ ಎಂಬ ತಂತ್ರಾಂಶವು ತಾನೇ ಲಾಗಿನ್ ಆಗಿ ರನ್ನಿಂಗ್ ಕಾನ್ಫಿಗನ್ನು ತಂದು, ಬದಲಾವಣೆಗಳ ಇತಿಹಾಸವನ್ನು ಉಳಿಸುವ ಗಿಟ್‌ನಲ್ಲಿ ಇಡುತ್ತದೆ. ಯಾವ ಸಾಲು ಯಾವಾಗ ಬದಲಾಯಿತೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯುಕ್ತವಾದ ಭಾಗ ಇದೇ.

ವಿಎಲ್ಯಾನ್ ಅಂದರೆ ಒಂದೇ ನೆಟ್‌ವರ್ಕನ್ನು ಪ್ರತ್ಯೇಕ ಭಾಗಗಳಾಗಿ ವಿಂಗಡಿಸುವ ಏರ್ಪಾಡು; ಅವುಗಳ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವ ವಿಟಿಪಿಯ ಸರ್ವರ್ ಮೋಡ್‌ನಲ್ಲಿರುವ ಸ್ವಿಚ್‌ಗಳಲ್ಲಿ ಆ ಪಟ್ಟಿ ಕಾನ್ಫಿಗ್‌ನಲ್ಲಿ ಬರುವುದಿಲ್ಲ. ಅದು ಫ್ಲ್ಯಾಶ್ ಮೆಮೊರಿಯ ವಿಎಲ್ಯಾನ್ ಡಾಟ್ ಡ್ಯಾಟ್ (vlan.dat) ಫೈಲಿನಲ್ಲಿರುತ್ತದೆ. ಅದನ್ನು ಬೇರೆಯಾಗಿಯೇ ನಕಲು ಮಾಡಿಕೊಳ್ಳುತ್ತೇನೆ.

ಮರುಸ್ಥಾಪನೆಯನ್ನು ಬಿಡುವಾಗಿದ್ದ ಸ್ವಿಚ್ ಒಂದರ ಮೇಲೆ ಪರೀಕ್ಷಿಸಿ ನೋಡಿದೆ. ಬ್ಯಾಕಪ್ ಫೈಲನ್ನು ರನ್ನಿಂಗ್ ಕಾನ್ಫಿಗ್‌ಗೆ ನಕಲಿಸಿದರೆ ಅದು ಹಳೆಯದನ್ನು ಅಳಿಸದೆ ಅದರೊಂದಿಗೆ ಬೆರೆಯುತ್ತದೆ. ಪೋರ್ಟನ್ನು ತೆರೆಯುವ ನೋ ಶಟ್‌ಡೌನ್ ಎಂಬ ಸಾಲು ಫೈಲಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲವಾದ್ದರಿಂದ, ಮೊದಲೇ ಶಟ್‌ಡೌನ್ ಆಗಿದ್ದ ಪೋರ್ಟುಗಳು ಹಾಗೆಯೇ ಮುಚ್ಚಿಕೊಂಡಿರುತ್ತವೆ. ಈ ಕಾರಣಕ್ಕೆ ಫೈಲನ್ನು ಸ್ಟಾರ್ಟಪ್ ಕಾನ್ಫಿಗ್‌ಗೆ ನಕಲಿಸಿ ರೀಲೋಡ್ ಕೊಟ್ಟು ಸ್ವಿಚ್ಚನ್ನು ಮತ್ತೆ ಆರಂಭಿಸುತ್ತೇನೆ. ಆಗ ಬದಲಾವಣೆಗಳನ್ನು ಸೇವ್ ಮಾಡಬೇಕೇ ಎಂಬ ಪ್ರಶ್ನೆ ಬಂದರೆ ಬೇಡವೆಂದೇ ಉತ್ತರಿಸಬೇಕು. ಹೌದೆಂದರೆ ಈಗಷ್ಟೇ ಹಾಕಿದ ಫೈಲಿನ ಮೇಲೆ ಹಳೆಯ ರನ್ನಿಂಗ್ ಕಾನ್ಫಿಗ್ ಬಂದು ಕೂರುತ್ತದೆ.

ಎಸ್‌ಎಸ್‌ಎಚ್‌ನ ಖಾಸಗಿ ಕೀಲಿಯೂ ಕಾನ್ಫಿಗ್ ಫೈಲಿನೊಂದಿಗೆ ಬರುವುದಿಲ್ಲ. ಬದಲಿ ಸ್ವಿಚ್‌ನಲ್ಲಿ ಈ ಕೀಲಿಯನ್ನು (ಆರ್‌ಎಸ್‌ಎ ಬಗೆಯದು) ನೇರ ಕೇಬಲ್ ಸಂಪರ್ಕವಾದ ಕನ್ಸೋಲ್ ಮೂಲಕ ಹೊಸದಾಗಿ ಸೃಷ್ಟಿಸಿ, ಸರ್ವರ್‌ನಲ್ಲಿ ನೆನಪಿಟ್ಟುಕೊಂಡಿದ್ದ ಹಳೆಯ ಕೀಲಿಯನ್ನು ತೆಗೆದುಹಾಕಿ, ಆ ಸ್ವಿಚ್‌ನಿಂದ ಮೊದಲ ಬ್ಯಾಕಪ್ ಬಂದು ಗಿಟ್‌ನಲ್ಲಿ ಸೇರಿದ್ದನ್ನು ನೋಡಿದ ನಂತರವೇ ಕೆಲಸ ಮುಗಿಯಿತೆಂದು ದಾಖಲಿಸುತ್ತೇನೆ.